ಮೈಸೂರು ಸಂಸ್ಥಾನದ ಪ್ರಜಾಕೂಟಗಳು

“ಯಥಾ ರಾಜಾ ತಥಾ ಪ್ರಜಾ” ಎಂಬುದು ನಮ್ಮ ಹಿರಿಯರ ವಾಣಿ. ಅರಸನು ಧರ್ಮಿಷ್ಠನಾದರೆ ಪ್ರಜೆಗಳೂ ಧರ್ಮಿಷ್ಠರಾಗುವರು, ಅರಸನು ದಾರಿ ತಪ್ಪಿದರೆ ನಾಡೂ ದಾರಿ ತಪ್ಪುವುದು ಎಂಬುದು ಅದರ ತಾತ್ಪರ್ಯ. ಅರಸೊತ್ತಿಗೆಯ ಕಾಲಕ್ಕೆ ಈ ಮಾತು ಒಪ್ಪುತ್ತಿದ್ದಿತು. ಪ್ರಜಾಪ್ರಭುತ್ವದಲ್ಲಾದರೋ ಇದನ್ನು ತಿರುವಿ ಓದಬೇಕಾಗುತ್ತದೆ. ಪ್ರಜೆಗಳು ಎಂತಹವರೋ ಪ್ರಭುತ್ವವೂ ಅಂತಹುದೇ. ಆದುದರಿಂದ ಪ್ರಜೆಯ ಕರ್ತವ್ಯವೇನೆಂಬ ವಿಚಾರವು ಇಂದು ರಾಜಧರ್ಮದ ವಿಚಾರದಷ್ಟೇ ಗಂಭೀರವಾದುದಾಗಿದೆ.

ಚುನಾವಣೆಯ ದಿನ ಮತವನ್ನಿತ್ತು ಮನೆಗೆ ಹಿಂದಿರುಗಿದೊಡನೆ ಪ್ರಜೆಯ ಕೆಲಸವು ಮುಗಿಯಿತೇ? ಆಳುವವರು ತಪ್ಪಿದಾಗ ಜನರು ಮನೆಬಿಟ್ಟು ಬೀದಿಗೆ ಬಂದು, ಕೂಡಿ ನಿಂತು, ಗಟ್ಟಿಯಾಗಿ ಕೇಳುವುದು ರಾಜ್ಯಕ್ಕೆ ಬಲವೋ, ಭಂಗವೋ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಜನರು ಗುಂಪುಗೂಡಿದರೆ ಶಾಂತಿಯು ಕೆಡುವುದೆಂದು ಕೆಲವರು ಅಂಜುವರು. ಎಷ್ಟು ಕೂಗಿದರೂ ಕೇಳುವವರಿಲ್ಲ, ಕೂಡಿ ಆಗುವುದೇನು ಎಂದು ಮತ್ತೆ ಕೆಲವರು, ವಿಶೇಷವಾಗಿ ತರುಣರು, ಕೈಚೆಲ್ಲುವರು. ಅಂಜಿಕೆಯೂ ನಿರಾಶೆಯೂ ಬೇರೆಬೇರೆಯಾಗಿ ಕಂಡರೂ ಫಲವೊಂದೇ: ಎರಡೂ ಪ್ರಜೆಯನ್ನು ಮನೆಯೊಳಗೆ ಕೂರಿಸುವುವು.

ಇದನ್ನು ತರ್ಕದಿಂದ ತೀರ್ಮಾನಿಸುವುದಕ್ಕಿಂತ ನಮ್ಮ ನಾಡಿನ ಇತಿಹಾಸವನ್ನೇ ಕೇಳಿ ತಿಳಿಯುವುದು ಲೇಸು. ಹಳೆಯ ಮೈಸೂರು ಸಂಸ್ಥಾನದಲ್ಲಿ ೧೮೩೦ರಿಂದ ೧೯೪೭ರವರೆಗೆ ನಡೆದ ಪ್ರಜಾಕೂಟಗಳ ವೃತ್ತಾಂತವು ಈ ವಿಷಯದಲ್ಲಿ ನಮಗೆ ಬೇಕಾದಷ್ಟು ಬೆಳಕನ್ನು ಕೊಡುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಗರದ ಕೂಟ

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರು ಸಿಂಹಾಸನವನ್ನೇರಿದರು. ೧೮೧೧ರವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯದ ಭಾರವನ್ನು ಹೊತ್ತಿದ್ದರು. ಅವರ ತರುವಾಯ ಆಡಳಿತದ ಕಟ್ಟು ಸಡಿಲವಾಯಿತು. ಕಂದಾಯ ವಸೂಲಿಯಲ್ಲಿ ‘ಶರತ್ತು’ ಎಂಬ ಪದ್ಧತಿಯು ಬಳಕೆಗೆ ಬಂದಿತು. ತಾಲ್ಲೂಕಿನ ಅಮಲ್ದಾರನು ಇಷ್ಟು ಹಣವನ್ನು ತಂದು ಒಪ್ಪಿಸುವೆನೆಂದು ಮುಂಗಡವಾಗಿ ಬರೆದುಕೊಡಬೇಕು. ಹೆಚ್ಚಾಗಿ ಹುಟ್ಟಿದರೆ ಅದು ಸರ್ಕಾರಕ್ಕೆ, ಕಡಿಮೆಯಾದರೆ ಅವನೇ ತುಂಬಿಕೊಡಬೇಕು. ಇಂತಹ ಕರಾರಿಗೆ ಸಿಕ್ಕಿದ ಅಧಿಕಾರಿಯು ರೈತನ ಕಷ್ಟವನ್ನು ನೋಡುವನೇ? ಮಳೆ ಬಂದರೇನು, ಬಾರದಿದ್ದರೇನು, ಬರೆದುಕೊಟ್ಟ ಹಣವು ಹುಟ್ಟಲೇಬೇಕು. ರೈತನ ಮನೆಯ ದನಕರು, ಪಾತ್ರೆಪಡಗಗಳೇ ಅದಕ್ಕೆ ಆಧಾರವಾದುವು.

ಈ ಪೀಡನೆಯು ನಗರ ಸೀಮೆಯಲ್ಲಿ ಮೊದಲು ಒಡೆದು ಹೊರಬಿದ್ದಿತು. ಅದು ಒಂದು ಕಾಲಕ್ಕೆ ಕೆಳದಿಯ ನಾಯಕರು ಬಿದನೂರಿನಿಂದ ಆಳಿದ ನಾಡು. ೧೮೩೦ರ ಉತ್ತರಾರ್ಧದಲ್ಲಿ ಅಲ್ಲಿನ ರೈತರು ಗ್ರಾಮಗ್ರಾಮಗಳಿಂದ ಬಂದು ಒಂದೆಡೆ ನೆರೆಯತೊಡಗಿದರು. ತಮ್ಮ ಅಹವಾಲನ್ನು ಕೇಳುವವರೆಗೂ ಕಂದಾಯವನ್ನು ಕೊಡೆವೆಂದರು. ಒಂದು ಸೀಮೆಯವರು ಮತ್ತೊಂದು ಸೀಮೆಯವರನ್ನು ಕೂಡಿಕೊಂಡರು. ಜನರೇ ಇದಕ್ಕೆ ‘ಕೂಟ’ವೆಂಬ ಹೆಸರನ್ನಿಟ್ಟರು, ಸರ್ಕಾರದ ಕಾಗದಪತ್ರಗಳಲ್ಲಿಯೂ ಅದೇ ಹೆಸರು ನಿಂತಿತು. ನಗರದಿಂದ ಹೊರಟ ಕೂಟವು ಸಂಸ್ಥಾನದ ಇತರ ಭಾಗಗಳಿಗೂ ಹಬ್ಬಿತು.

ಕೂಟವೆಂಬ ಈ ಪದವನ್ನು ವಾಚಕರು ಗಮನಿಸಬೇಕು. ದಂಗೆಯೆಂಬುದು ಆಳುವವನು ಕೊಟ್ಟ ಹೆಸರು, ಕೂಟವೆಂಬುದು ಆಳಿಸಿಕೊಂಡವನು ಇಟ್ಟುಕೊಂಡ ಹೆಸರು. ತಮ್ಮನ್ನು ಯಾರೂ ಕರೆಯದಿದ್ದರೂ, ಸಭೆಯ ಹಕ್ಕನ್ನು ಯಾವ ಶಾಸನವೂ ಕೊಡದಿದ್ದರೂ, ನಮ್ಮ ಕಷ್ಟವನ್ನು ಕೇಳಿರೆಂದು ತಾವಾಗಿಯೇ ನೆರೆದ ಆ ರೈತರು ಪ್ರಜಾಪ್ರಭುತ್ವವೆಂಬ ಪದವನ್ನು ಅರಿತಿರಲಿಲ್ಲ. ಅದರ ಬೀಜವಾದರೋ ಅವರ ಕೂಟದಲ್ಲಿದ್ದಿತು.

ಆ ಬೀಜವು ಆಗ ಮೊಳೆಯಲಿಲ್ಲ. ಕಾರಣಗಳು ಎರಡೂ ಕಡೆಗಳಲ್ಲಿದ್ದುವು. ಸರ್ಕಾರವು ಕೇಳುವುದಕ್ಕೆ ಬದಲಾಗಿ ದಂಡನ್ನು ಕಳುಹಿಸಿತು, ಹಿಡಿದವರಲ್ಲಿ ಅನೇಕರನ್ನು ಗಲ್ಲಿಗೇರಿಸಿತು. ಇತ್ತ ಕೂಟದ ನಡುವೆ ಬೂದಿ ಬಸವಪ್ಪನೆಂಬಾತನು ತಾನು ಕೆಳದಿಯ ವಂಶದವನೆಂದು ಹೇಳಿಕೊಂಡು ಮುಂದೆ ಬಂದನು. ತರೀಕೆರೆಯ ಪಾಳೆಯಗಾರ ಮನೆತನದವರೂ ಆಯುಧ ಹಿಡಿದರು. ನ್ಯಾಯವನ್ನು ಕೇಳಲು ಹೊರಟ ರೈತರು ಪಟ್ಟವನ್ನು ಬಯಸಿದವರ ಹಿಂದೆ ಸಿಕ್ಕಿಕೊಂಡರು. ಕೊನೆಗೆ ಇಂಗ್ಲಿಷರ ಸೇನೆಯು ಬಂದು ಎಲ್ಲವನ್ನೂ ಅಡಗಿಸಿತು. ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮಹಾರಾಜರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡನು. ಅನಂತರ ನೇಮಿತವಾದ ವಿಚಾರಣಾ ಸಮಿತಿಯು ೧೮೩೩ರಲ್ಲಿ ವರದಿಯನ್ನು ಒಪ್ಪಿಸಿತು. ಸಂಸ್ಥಾನವು ಅರಸರ ಮನೆತನಕ್ಕೆ ಹಿಂದಿರುಗಿದುದು ೧೮೮೧ರಲ್ಲಿ, ಐವತ್ತು ವರ್ಷಗಳ ಮೇಲೆ. ಪ್ರಜೆಗಳ ಮಾತನ್ನು ಸಕಾಲದಲ್ಲಿ ಕೇಳದ ಅರಸರು ಅರ್ಧ ಶತಮಾನದ ರಾಜ್ಯವನ್ನು ಕಳೆದುಕೊಂಡರು. ತಮ್ಮ ಮಾತನ್ನು ಬಿಟ್ಟು ಪರರ ಕತ್ತಿಯನ್ನು ನಂಬಿದ ಪ್ರಜೆಗಳು ತಮ್ಮ ಕೂಟವನ್ನೇ ಕಳೆದುಕೊಂಡರು.

ದಸರೆಯ ಸಭೆ

ಸಂಸ್ಥಾನವು ಹಿಂದಿರುಗಿದ ವರ್ಷವೇ ದಿವಾನ್ ಸಿ. ರಂಗಾಚಾರ್ಲು ಅವರ ಮುಂದಾಲೋಚನೆಯಿಂದ ಮೈಸೂರು ಪ್ರಜಾಪ್ರತಿನಿಧಿ ಸಭೆಯು ಹುಟ್ಟಿತು. ೧೮೮೧ರ ಅಕ್ಟೋಬರ್ ೭ರಂದು, ದಸರಾ ಮಹೋತ್ಸವದ ಕಾಲದಲ್ಲಿ, ೧೪೪ ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿ ದಿವಾನರ ವರದಿಯನ್ನು ಕೇಳಿದರು. ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆಯು ಇದೇ ಮೊದಲನೆಯದು. ಹಿಂದೆ ಜನರು ಕರೆಯಿಲ್ಲದೆ ನೆರೆದಿದ್ದರು, ಈಗ ಸರ್ಕಾರವೇ ಕರೆದು ಕೂರಿಸಿತು. ಇದು ಅಲ್ಪ ಸಂಗತಿಯಲ್ಲ, ರಂಗಾಚಾರ್ಲು ಅವರ ಹೆಸರನ್ನು ನಾಡು ಕೃತಜ್ಞತೆಯಿಂದ ನೆನೆಯತಕ್ಕದ್ದೇ ಸರಿ.

ಆದರೂ ಆ ಸಭೆಯ ಮೇರೆಯನ್ನು ಮರೆಯುವಂತಿಲ್ಲ. ಪ್ರತಿನಿಧಿಗಳು ತಮ್ಮ ಊರಿನ ಕೆರೆ, ರಸ್ತೆ, ಕಂದಾಯಗಳ ವಿಷಯದಲ್ಲಿ ಬಿನ್ನಹ ಮಾಡಬಹುದಾಗಿತ್ತು, ದಿವಾನರನ್ನು ಇಳಿಸುವ ಅಧಿಕಾರವು ಅವರಿಗಿರಲಿಲ್ಲ. ಮೊದಲಿಗೆ ಬಂದವರು ಭೂಮಿಕಾಣಿಯುಳ್ಳವರೂ ವರ್ತಕರೂ ಆಗಿದ್ದರು. ಹತ್ತು ವರ್ಷಗಳ ಮೇಲೆ, ೧೮೯೧ರಲ್ಲಿ, ಚುನಾವಣೆಯ ಪದ್ಧತಿಯು ಬಂದಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಯ ಮೇಲೆ ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರವು ದೊರೆತು, ಅದರ ಸದಸ್ಯರ ಸಂಖ್ಯೆಯು ೨೫೦ಕ್ಕೆ ಏರಿತು. ಇಷ್ಟಾದರೂ ಮತದ ಹಕ್ಕು ಆಸ್ತಿ ಮತ್ತು ವಿದ್ಯೆಗಳ ಬೇಲಿಯೊಳಗೇ ಉಳಿಯಿತು. ಮಂತ್ರಿಮಂಡಲವು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ, ಪ್ರಜೆಗಳಿಗಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯು ಧರ್ಮದ ಆಳ್ವಿಕೆಯಾಗಿದ್ದಿತೆಂಬುದನ್ನು ಅಲ್ಲಗಳೆಯುವವರಿಲ್ಲ. ಕನ್ನಂಬಾಡಿಯ ಕಟ್ಟೆ, ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲಾದುವು ಅದಕ್ಕೆ ಸಾಕ್ಷಿಗಳು. ಹಾಗಾದರೆ ಜನರು ಕೇಳಿದುದೇನು? ಇಲ್ಲಿಯೇ ಈ ಇತಿಹಾಸದ ಮರ್ಮವಿದೆ. ಅನ್ನವಿಕ್ಕುವ ಒಡೆಯನು ಎಷ್ಟು ಒಳ್ಳೆಯವನಾದರೂ, ಕೇಳುವ ಹಕ್ಕಿಲ್ಲದ ಮನೆಯಲ್ಲಿ ಉಣ್ಣುವವನು ಅತಿಥಿಯೇ ಹೊರತು ಮನೆಯವನಲ್ಲ. ಮೈಸೂರಿನ ಪ್ರಜೆಗಳು ತಮ್ಮ ಮನೆಯಲ್ಲಿ ಮನೆಯವರಾಗಬೇಕೆಂದು ಬಯಸಿದರು. ಆ ಬಯಕೆಗೆ ಅವರು ಕೊಟ್ಟ ಹೆಸರು ‘ಜವಾಬ್ದಾರಿ ಸರ್ಕಾರ’.

ಶಿವಪುರ ಮತ್ತು ವಿದುರಾಶ್ವತ್ಥ

೧೯೩೮ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸು ತನ್ನ ಅಧಿವೇಶನವನ್ನು ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆಸಲು ನಿಶ್ಚಯಿಸಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಅಲ್ಲಿ ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರವು ನಿಷೇಧಾಜ್ಞೆಯನ್ನು ಹೊರಡಿಸಿತು. ಧ್ವಜವೆಂಬುದು ಒಂದು ಬಟ್ಟೆಯ ತುಂಡಲ್ಲವೇ, ಅದಕ್ಕಾಗಿ ಇಷ್ಟು ಹಟವೇಕೆಂದು ಕೇಳಿದವರು ಆಗಲೂ ಇದ್ದರು. ಹಟವಿದ್ದುದು ಬಟ್ಟೆಯಲ್ಲಲ್ಲ. ಪ್ರಜೆಗಳು ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿ ಎತ್ತಿ ತೋರಿಸಬಹುದೋ ಬಾರದೋ ಎಂಬುದೇ ಅಲ್ಲಿನ ಪ್ರಶ್ನೆಯಾಗಿದ್ದಿತು.

ಏಪ್ರಿಲ್ ೧೧ರಂದು ರೈತರೊಬ್ಬರ ಹೊಲದಲ್ಲಿ ಸಾವಿರಾರು ಮಂದಿ ನೆರೆದರು. ಗಾಡಿ ಕಟ್ಟಿಕೊಂಡು ಬಂದವರು ಕೆಲವರು, ಬುತ್ತಿ ಕಟ್ಟಿಕೊಂಡು ನಡೆದು ಬಂದವರು ಹಲವರು. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನೇರಿಸಿ ದಸ್ತಗಿರಿಯಾದರು. ಉಳಿದ ನಾಯಕರ ಮೇಲೂ ಸರ್ಕಾರದ ಕೈ ಬಿದ್ದಿತು. ನೆರೆದ ಜನರು ಕಲ್ಲೆತ್ತಲಿಲ್ಲ, ಚದುರಿಯೂ ಹೋಗಲಿಲ್ಲ. ಶಿವಪುರದಲ್ಲಿ ಇಂದು ನಿಂತಿರುವ ಸತ್ಯಾಗ್ರಹ ಸೌಧವು ಆ ದಿನದ ನೆನಪನ್ನು ಕಾಯುತ್ತಿದೆ.

ಶಿವಪುರದ ಸುದ್ದಿಯು ಊರೂರಿಗೆ ಮುಟ್ಟಿತು. ಧ್ವಜವನ್ನೇರಿಸುವುದು ಗ್ರಾಮಗ್ರಾಮದ ವ್ರತವಾಯಿತು. ಎರಡು ವಾರಗಳು ಕಳೆಯುವಷ್ಟರಲ್ಲಿ, ಏಪ್ರಿಲ್ ೨೫ರಂದು, ವಿದುರಾಶ್ವತ್ಥದಲ್ಲಿ ಘೋರವು ನಡೆಯಿತು. ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ಈ ಕ್ಷೇತ್ರವು ವಿದುರನು ನೆಟ್ಟ ಅಶ್ವತ್ಥವೃಕ್ಷದ ಐತಿಹ್ಯದಿಂದ ಪ್ರಸಿದ್ಧವಾದುದು. ಜಾತ್ರೆಯ ಕಾಲವದು. ನಿಷೇಧಾಜ್ಞೆಯಿದ್ದರೂ ಜನರು ಸಭೆ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಮಡಿದವರು ಹತ್ತು ಮಂದಿಯೆಂದು ಸರ್ಕಾರವು ಹೇಳಿತು, ಮೂವತ್ತಕ್ಕೂ ಮಿಗಿಲೆಂದು ಜನರು ಹೇಳಿದರು. ಲೆಕ್ಕದಲ್ಲಿ ಭೇದವಿರಬಹುದು. ನಿರಾಯುಧರಾಗಿ ಬಂದವರು ಹೆಣವಾಗಿ ಮನೆ ಸೇರಿದರೆಂಬುದರಲ್ಲಿ ಭೇದವಿಲ್ಲ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳಕ್ಕೆ ಹೆಸರಾಯಿತು.

ಈ ಸ್ಥಳದಲ್ಲಿ ನಿರಾಶೆಯ ವಾದವು ತಾನೇ ತಾನಾಗಿ ತಲೆಯೆತ್ತುವುದು. ಕೇಳಲು ಹೋದವರಿಗೆ ಗುಂಡು ಸಿಕ್ಕಿತಲ್ಲವೇ, ಕೂಟದ ಫಲವು ಇದೇ ಅಲ್ಲವೇ? ಆದರೆ ಮುಂದೆ ನಡೆದುದನ್ನು ನೋಡಬೇಕು. ನಿರಾಯುಧರ ರಕ್ತವು ಸಂಸ್ಥಾನದ ಗಡಿಯನ್ನು ದಾಟಿ ದೇಶವನ್ನೇ ಎಚ್ಚರಿಸಿತು. ಮಹಾತ್ಮಾ ಗಾಂಧಿಯವರು ಸರ್ದಾರ್ ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳುಹಿಸಿದರು. ಗೋಲೀಬಾರಿನ ವಿಚಾರಣೆಗಾಗಿ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿಯು ನೇಮಕವಾಯಿತು. ಮೇ ತಿಂಗಳಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರಿಗೂ ಪಟೇಲರಿಗೂ ಒಪ್ಪಂದವಾಗಿ, ಸರ್ಕಾರವು ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ರಾಷ್ಟ್ರಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ರಾಜಕೀಯ ಸುಧಾರಣೆಯನ್ನು ಕುರಿತು ವಿಚಾರಿಸುತ್ತಿದ್ದ ಸಮಿತಿಯಲ್ಲಿ ಜವಾಬ್ದಾರಿ ಸರ್ಕಾರದ ಪ್ರಶ್ನೆಗೂ ಎಡೆಯಾಯಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದುದು ಮೇ ತಿಂಗಳಲ್ಲಿ ಹಕ್ಕಾಯಿತು.

ಇದು ಪೂರ್ಣವಾದ ಗೆಲವೇನೂ ಅಲ್ಲ. ಕೊಟ್ಟ ಸುಧಾರಣೆಗಳು ಸಾಲದೆಂದು ೧೯೩೯ರಲ್ಲಿ ಸತ್ಯಾಗ್ರಹವು ಮತ್ತೆ ಆರಂಭವಾಯಿತು. ಆಗ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿದು ಅರಣ್ಯದ ಕಾನೂನನ್ನು ಮುರಿದ ಸತ್ಯಾಗ್ರಹಿಗಳಲ್ಲಿ ತರುಣ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮುಂದಾಳಾಗಿದ್ದರು, ಅದಕ್ಕಾಗಿ ಸೆರೆಮನೆಯನ್ನೂ ಕಂಡರು. ೧೯೫೬ರಲ್ಲಿ ಕನ್ನಡ ನಾಡುಗಳು ಒಂದಾದಾಗ ಆ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದವರೂ ಅವರೇ. ಪ್ರತಿಭಟನೆಯ ಶಾಲೆಯಲ್ಲಿ ಕಲಿತವರು ಆಡಳಿತದ ಗಾದಿಯಲ್ಲಿ ಕುಳಿತುದಕ್ಕೆ ಇದೊಂದು ನಿದರ್ಶನ.

ಈಸೂರಿನ ಪಾಠ

ಗುಣವನ್ನು ಹೇಳಿ ದೋಷವನ್ನು ಮುಚ್ಚಿದರೆ ಅದು ಇತಿಹಾಸವಾಗದು. ೧೯೪೨ರಲ್ಲಿ, ಭಾರತವನ್ನು ಬಿಟ್ಟು ತೊಲಗಿರೆಂಬ ಚಳವಳಿಯ ಕಾಲದಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಗ್ರಾಮವು ಸ್ವತಂತ್ರವೆಂದು ಸಾರಿದರು. ವೀರಭದ್ರ ದೇವಾಲಯದ ಮೇಲೆ ಧ್ವಜವನ್ನೇರಿಸಿದರು. ತಮ್ಮದೇ ಸರ್ಕಾರವನ್ನು ಕಟ್ಟಿ, ಬಾಲಕರಿಬ್ಬರನ್ನು ಅಮಲ್ದಾರ, ಸಬ್ ಇನ್‌ಸ್ಪೆಕ್ಟರುಗಳೆಂದು ನೇಮಿಸಿದರು. ದೊಡ್ಡವರನ್ನು ಹಿಡಿದೊಯ್ಯಬಹುದು, ಹುಡುಗರನ್ನು ಏನು ಮಾಡಿಯಾರು ಎಂಬ ಜಾಣತನವೂ ಅದರಲ್ಲಿದ್ದಿತು. ಒಂದು ಹಳ್ಳಿಯು ತನ್ನನ್ನು ತಾನು ಆಳಿಕೊಳ್ಳಬಲ್ಲೆನೆಂದು ನುಡಿದ ಆ ಧೈರ್ಯವು ಇಂದಿಗೂ ಕನ್ನಡಿಗರ ಮೈನವಿರೇಳಿಸುವುದು.

ಆದರೆ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸರೂ ಊರಿಗೆ ಬಂದಾಗ ಮಾತಿಗೆ ಮಾತು ಬೆಳೆದು, ಲಾಠಿ ಬೀಸಿ, ಗುಂಡು ಹಾರಿ, ಕೆರಳಿದ ಜನರ ಕೈಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಹತರಾದರು. ಮುಂದೆ ಆ ಊರು ಪಟ್ಟ ಪಾಡು ಹೇಳತೀರದು. ದಂಡು ಬಂದಿತು, ಜನರು ಕಾಡು ಸೇರಿದರು, ಮನೆಗಳು ಹಾಳುಬಿದ್ದುವು. ೧೯೪೩ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು.

ಆ ಐವರು ನಾಡಿಗಾಗಿ ಪ್ರಾಣವನ್ನಿತ್ತವರು, ಅವರಿಗೆ ನಮ್ಮ ತಲೆಯು ಬಾಗುವುದು. ಅಂದು ಹತರಾದ ಅಧಿಕಾರಿಗಳೂ ಇದೇ ಮಣ್ಣಿನ ಮಕ್ಕಳು, ಅವರ ಮನೆಗಳಲ್ಲಿಯೂ ದೀಪಗಳು ಆರಿದುವು. ವಿದುರಾಶ್ವತ್ಥದಲ್ಲಿ ಜನರು ಸತ್ತರು, ಕೊಲ್ಲಲಿಲ್ಲ. ಆದುದರಿಂದ ತಲೆ ತಗ್ಗಿಸಬೇಕಾದುದು ಸರ್ಕಾರಕ್ಕೆ ಬಂದಿತು. ಈಸೂರಿನಲ್ಲಿ ಒಂದು ಗಳಿಗೆಯ ಕೋಪವು ಸರ್ಕಾರಕ್ಕೆ ಗಲ್ಲುಗಂಬವನ್ನು ನೆಡಲು ನೆಪವನ್ನೊದಗಿಸಿತು. ಧೈರ್ಯವು ಎರಡೆಡೆಯಲ್ಲಿಯೂ ಸಮನಾದುದೇ, ಫಲವಾದರೋ ಬೇರೆಯಾಯಿತು. ನಗರದ ಕೂಟವು ಕಲಿಸಿದ ಪಾಠವನ್ನೇ ಈಸೂರು ಮತ್ತೊಮ್ಮೆ ಕಲಿಸಿತು.

ಮೈಸೂರು ಚಲೋ

೧೯೪೭ರ ಆಗಸ್ಟ್ ೧೫ರಂದು ದೇಶವು ಸ್ವತಂತ್ರವಾಯಿತು. ಮೈಸೂರು ಭಾರತದ ಒಕ್ಕೂಟಕ್ಕೆ ಸೇರಿದ್ದಿತು. ಆದರೆ ಸಂಸ್ಥಾನದೊಳಗೆ ಆಡಳಿತವು ಹಿಂದಿನಂತೆಯೇ ದಿವಾನರ ಕೈಯಲ್ಲಿದ್ದಿತು. ದೆಹಲಿಯಲ್ಲಿ ಪ್ರಜೆಗಳ ಮಂತ್ರಿಮಂಡಲ, ಮೈಸೂರಿನಲ್ಲಿ ದಿವಾನ್ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತ. ಹೊರಗಿನವರು ಹೋದರು, ಆದರೆ ಮನೆಯ ಬೀಗದಕೈ ನಮ್ಮ ಕೈಗೆ ಬರಲಿಲ್ಲವೆಂದು ಜನರಿಗೆ ಅನಿಸಿದುದರಲ್ಲಿ ಆಶ್ಚರ್ಯವಿಲ್ಲ.

ಸೆಪ್ಟೆಂಬರ್ ೧ರಂದು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಸತ್ಯಾಗ್ರಹವು ಪ್ರಾರಂಭವಾಯಿತು. ‘ಮೈಸೂರು ಚಲೋ’ ಎಂಬುದು ಅದರ ಘೋಷ. ನಾಯಕರು ದಸ್ತಗಿರಿಯಾದರು. ಅವರ ಸ್ಥಾನದಲ್ಲಿ ವಿದ್ಯಾರ್ಥಿಗಳು ನಿಂತರು. ವಿದ್ಯಾರ್ಥಿಗಳ ಬೆನ್ನಿಗೆ ಗಿರಣಿಯ ಕೂಲಿಕಾರರು, ಕೂಲಿಕಾರರ ಬೆನ್ನಿಗೆ ರೈತರು. ಸೆರೆಮನೆಗಳು ತುಂಬಿದುವು. ಸೆಪ್ಟೆಂಬರ್ ೧೩ರಂದು ಮೈಸೂರು ನಗರದಲ್ಲಿ ರಾಮಸ್ವಾಮಿಯೆಂಬ ಎಳೆಯ ವಿದ್ಯಾರ್ಥಿಯು ಗುಂಡಿಗೆ ಬಲಿಯಾದನು. ಇಂದು ಅಲ್ಲಿನ ಚೌಕಕ್ಕೆ ಅವನ ಹೆಸರಿದೆ. ನಿತ್ಯವೂ ಆ ದಾರಿಯಲ್ಲಿ ಹಾದುಹೋಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿರುವ ಕಥೆಯು ತಿಳಿದಿದೆಯೋ, ಹಿರಿಯರು ತಮ್ಮ ಮನೆಗಳಲ್ಲಿ ಕೇಳಿನೋಡಬೇಕು.

ಈ ಚಳವಳಿಯಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹವಾಗಿವೆ. ಮೊದಲನೆಯದು, ಸತ್ಯಾಗ್ರಹವು ನಡೆದುದು ಮಹಾರಾಜರ ಮೇಲಿನ ದ್ವೇಷದಿಂದಲ್ಲ. ದಸರೆಯ ಜಂಬೂಸವಾರಿಗೆ ಭಕ್ತಿಯಿಂದ ಕೈಮುಗಿದ ಜನರೇ ಅರಮನೆಯ ಮುಂದೆ ಹಕ್ಕನ್ನು ಕೇಳಿ ನಿಂತರು. ಗೌರವವೂ ಪ್ರತಿಭಟನೆಯೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದನ್ನು ಅವರು ತೋರಿದರು. ಎರಡನೆಯದು, ಅವರ ಬೇಡಿಕೆಯು ಒಂದೇ ಆಗಿತ್ತು, ಸ್ಪಷ್ಟವಾಗಿತ್ತು: ನಮ್ಮನ್ನು ಆಳುವವರು ನಮಗೆ ಉತ್ತರ ಹೇಳಬೇಕು. ಆದುದರಿಂದ ಬೇಡಿಕೆಯು ಈಡೇರಿದೊಡನೆ ಚಳವಳಿಯು ನಿಂತಿತು.

ಅಕ್ಟೋಬರ್ ತಿಂಗಳಲ್ಲಿ ಶ್ರೀ ಜಯಚಾಮರಾಜ ಒಡೆಯರವರು ಜವಾಬ್ದಾರಿ ಸರ್ಕಾರವನ್ನು ಕೊಡಲೊಪ್ಪಿದರು. ಅದೇ ತಿಂಗಳ ಕೊನೆಯ ವಾರದಲ್ಲಿ ಸೆರೆಮನೆಯಿಂದ ಹೊರಬಂದ ರೆಡ್ಡಿಯವರು ಮುಖ್ಯಮಂತ್ರಿಗಳಾದರು. ದಿವಾನರ ಪದವಿಯು ಮತ್ತೂ ಸ್ವಲ್ಪ ಕಾಲ ಉಳಿದಿದ್ದು ಬಳಿಕ ರದ್ದಾಯಿತು. ೧೯೪೯ರಲ್ಲಿ ಪ್ರಜಾಪ್ರತಿನಿಧಿ ಸಭೆಯು ತನ್ನ ಅರುವತ್ತೆಂಟು ವರ್ಷಗಳ ಬಾಳನ್ನು ಮುಗಿಸಿತು, ಸಂಸ್ಥಾನವು ಭಾರತದ ಸಂವಿಧಾನವನ್ನು ಅಂಗೀಕರಿಸಿತು. ೧೯೫೧-೫೨ರ ಚುನಾವಣೆಯಲ್ಲಿ ಆಸ್ತಿಯ ಬೇಲಿ ಬಿದ್ದು, ವಯಸ್ಸಿಗೆ ಬಂದ ಪ್ರತಿ ಸ್ತ್ರೀಪುರುಷರ ಕೈಗೂ ಮತವು ಬಂದಿತು. ನಗರದ ರೈತರು ಕೂಟ ಕಟ್ಟಿದಂದಿನಿಂದ ಎಣಿಸಿದರೆ ನೂರಿಪ್ಪತ್ತು ವರ್ಷಗಳಿಗೆ ಮೇಲಾಗಿದ್ದುವು.

ಸಂವಿಧಾನದ ತರುವಾಯ

ಇಲ್ಲಿಯವರೆಗೆ ಹೇಳಿದುದೆಲ್ಲವೂ ಮತವಿಲ್ಲದ ಕಾಲದ ಮಾತು, ಮತವು ಬಂದ ಮೇಲೆ ಪ್ರತಿಭಟನೆಯೇಕೆ ಎಂದು ವಿಚಾರವಂತರು ಕೇಳಬಹುದು. ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ಎತ್ತಿದವರು ಡಾಕ್ಟರ್ ಅಂಬೇಡ್ಕರರು. ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಸಂವಿಧಾನದ ಮಾರ್ಗವು ತೆರೆದಿರುವಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಹಿಡಿಯುವುದು ಅರಾಜಕತೆಗೆ ದಾರಿಯಾಗುವುದೆಂದು ಅವರು ಎಚ್ಚರಿಸಿದರು. ಮಹಾಡಿನ ಕೆರೆಯ ನೀರಿಗಾಗಿ ೧೯೨೭ರಲ್ಲಿ ತಾವೇ ಸತ್ಯಾಗ್ರಹವನ್ನು ನಡೆಸಿದ ಮಹಾಪುರುಷರ ಮಾತಿದು, ತಳ್ಳಿಹಾಕುವಂತಹುದಲ್ಲ.

ಆದರೆ ಅದೇ ಸಂವಿಧಾನವು ತನ್ನ ೧೯ನೆಯ ವಿಧಿಯಲ್ಲಿ ಶಾಂತಿಯಿಂದ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಶಿವಪುರದಲ್ಲಿ ಅಪರಾಧವೆನಿಸಿದುದನ್ನು ಅದು ಮೂಲಭೂತ ಹಕ್ಕೆಂದು ಬರೆದಿದೆ. ಅಂಬೇಡ್ಕರರು ಬೇಡವೆಂದುದು ಕಾನೂನಿನ ಭಂಗವನ್ನೇ ಹೊರತು ಕೂಡಿ ಕೇಳುವುದನ್ನಲ್ಲ. ಐದು ವರ್ಷಗಳಿಗೊಮ್ಮೆ ಬರುವ ಮತವು ಆಳುವವರನ್ನು ಆರಿಸುವುದು. ನಡುವಣ ದಿನಗಳಲ್ಲಿ ಅವರ ಕಿವಿಯನ್ನು ತೆರೆದಿಡುವುದು ಕೂಟದ ಕೆಲಸ.

ಇದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವುಂಟು. ನಗರದ ಕೂಟ ನಡೆದು ಸರಿಯಾಗಿ ನೂರೈವತ್ತು ವರ್ಷಗಳ ಮೇಲೆ, ೧೯೮೦ರಲ್ಲಿ, ಮಲಪ್ರಭಾ ಅಚ್ಚುಕಟ್ಟಿನ ರೈತರು ತಮ್ಮ ಮೇಲೆ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿ ಎದ್ದರು. ಹೊಲಕ್ಕೆ ನೀರು ಸರಿಯಾಗಿ ಮುಟ್ಟುವ ಮುನ್ನವೇ ನೀರಾವರಿಯ ಲಾಭಕ್ಕೆ ತೆರಿಗೆಯನ್ನು ಕೇಳುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರಾಯಿತು. ಅಂದಿನ ಗಲಭೆಯಲ್ಲಿ ರೈತರೂ ಪೊಲೀಸರೂ ಪ್ರಾಣ ತೆತ್ತರು. ಈಸೂರಿನ ದುಃಖವು ಮರಳಿ ಬಂದಂತಾಯಿತು. ಆದರೆ ಈ ಬಾರಿ ಜನರು ಕಾಡಿಗೆ ಓಡಬೇಕಾಗಲಿಲ್ಲ, ಪಟ್ಟವನ್ನು ಬಯಸುವ ಮತ್ತೊಬ್ಬನನ್ನು ಹುಡುಕಬೇಕಾಗಲಿಲ್ಲ. ಕಿಡಿಯು ನಾಡಿನ ತುಂಬ ಹರಡಿ ರೈತಸಂಘವಾಯಿತು. ೧೯೮೩ರ ಚುನಾವಣೆಯಲ್ಲಿ, ಸ್ವಾತಂತ್ರ್ಯ ಬಂದಂದಿನಿಂದ ಆಳುತ್ತಿದ್ದ ಪಕ್ಷವು ಈ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರವನ್ನು ಕಳೆದುಕೊಂಡಿತು. ಆ ಸೋಲಿಗೆ ಕಾರಣಗಳು ಹಲವಿದ್ದರೂ ರೈತರ ಕೋಪವು ಅವುಗಳಲ್ಲೊಂದಾಗಿತ್ತು. ೧೮೩೦ರಲ್ಲಿ ಕೂಟವು ಕತ್ತಿಯಲ್ಲಿ ಮುಗಿಯಿತು, ೧೯೮೦ರ ಕೂಟವು ಮತದ ಪೆಟ್ಟಿಗೆಯನ್ನು ಸೇರಿತು. ಇವೆರಡರ ನಡುವಣ ಅಂತರವೇ ಪ್ರಜಾಪ್ರಭುತ್ವದ ಗಳಿಕೆ.

ಉಪಸಂಹಾರ

ಈ ವೃತ್ತಾಂತದಿಂದ ಮೂರು ಮಾತುಗಳನ್ನು ಆಯ್ದುಕೊಳ್ಳಬಹುದು. ಕೂಟವು ಅಧಿಕಾರವನ್ನು ಕಿತ್ತುಕೊಳ್ಳುವುದಕ್ಕಲ್ಲ, ಅಧಿಕಾರದಿಂದ ಉತ್ತರವನ್ನು ಪಡೆಯುವುದಕ್ಕಾಗಿ ನೆರೆಯಬೇಕು. ನಗರದ ರೈತರು ಮೊದಲು ಇದನ್ನರಿತಿದ್ದು ಆಮೇಲೆ ಮರೆತರು. ಕೂಟವು ನೋವನ್ನು ತಾನು ಸಹಿಸಬೇಕೇ ಹೊರತು ಪರರಿಗೆ ಕೊಡಬಾರದು. ವಿದುರಾಶ್ವತ್ಥವು ಇದರ ಬಲವನ್ನೂ ಈಸೂರು ಇದರ ಅಭಾವದ ಬೆಲೆಯನ್ನೂ ತೋರಿಸಿವೆ. ಕೇಳಿದುದು ದೊರೆತಾಗ ಕೂಟವು ಎದ್ದು ಕೆಲಸಕ್ಕೆ ಹೋಗಬೇಕು. ೧೯೪೭ರಲ್ಲಿ ಮೈಸೂರಿನವರು ಹಾಗೆಯೇ ಮಾಡಿದರು.

ಅಂಜುವವರಿಗೆ ಈ ಇತಿಹಾಸವು ಹೇಳುವುದೇನೆಂದರೆ, ನಾಡು ಕೆಟ್ಟುದು ಜನರು ಕೂಡಿದುದರಿಂದಲ್ಲ, ಕೂಡಿದ ಜನರ ಮಾತನ್ನು ಕೇಳದಿದ್ದುದರಿಂದ. ಕೈಚೆಲ್ಲುವವರಿಗೆ ಹೇಳುವುದೇನೆಂದರೆ, ಶಿವಪುರದ ಹೊಲದಲ್ಲಿ ನಿಂತವರಿಗೆ ಒಂದೇ ತಿಂಗಳಲ್ಲಿ ಧ್ವಜದ ಹಕ್ಕು ದೊರೆಯಿತು, ಸರ್ಕಾರವು ದೊರೆಯಲು ಒಂಬತ್ತು ವರ್ಷಗಳು ಬೇಕಾದುವು. ನಗರದ ರೈತರಾದರೋ ಫಲವನ್ನು ಕಾಣದೆಯೇ ಮಣ್ಣಾದರು. ಆದರೆ ಯಾವ ಕೂಟವೂ ವ್ಯರ್ಥವಾಗಲಿಲ್ಲ. ಹನಿಹನಿಗೂಡಿ ಹಳ್ಳವಾಯಿತು.

ಕಾಯಕಜೀವಿಗಳು ಒಂದೆಡೆ ಕುಳಿತು, ಹು‌ಟ್ಟನ್ನೆಣಿಸದೆ, ಪ್ರಶ್ನೆ ಕೇಳಿ ಉತ್ತರ ಪಡೆದ ಅನುಭವ ಮಂಟಪದ ಸ್ಮರಣೆಯು ನಮ್ಮ ಮಠಗಳಲ್ಲಿ ಇಂದಿಗೂ ಹಸಿರಾಗಿದೆ. ಕೇಳುವುದು ಅವಿಧೇಯತೆಯಲ್ಲ, ಉತ್ತರಿಸುವುದು ಅವಮಾನವಲ್ಲ ಎಂಬುದನ್ನು ಆ ಪರಂಪರೆಯಲ್ಲಿ ಬೆಳೆದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ವೆಂದು ಬರೆದಿದೆ. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಪ್ರಜೆಗಳ ಹೋರಾಟದಲ್ಲಿ ಸೆರೆಮನೆಯನ್ನು ಕಂಡವರೇ. ದೇವರ ಕೆಲಸವಾದುದರಿಂದಲೇ ಅದರ ಲೆಕ್ಕವನ್ನು ಭಕ್ತರು ಕೇಳಬೇಕು. ಶ್ರೀಮಠದ ಈ ಮಹೋತ್ಸವದಲ್ಲಿ ನೆರೆದಿರುವ ತರುಣರು, ತಮ್ಮ ಹಿರಿಯರು ಹೊಲದಲ್ಲಿ, ಜಾತ್ರೆಯಲ್ಲಿ, ಅರಮನೆಯ ಮುಂದೆ ನಿಂತು ಗಳಿಸಿದ ಈ ಹಕ್ಕನ್ನು ಶಾಂತಿಯಿಂದ ಬಳಸಲಿ, ಬಳಸದೆ ತುಕ್ಕು ಹಿಡಿಯಗೊಡದಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.